ಸಂಬಳದ ಬೋರ್ಡು ಒಣಗಿತ್ತು

ನಮ್ಮೂರಿನಲ್ಲಿ ಯಾವ ಅಂಗಡಿಯ ಬೋರ್ಡನ್ನು ನೋಡಿದರೂ ಅದರ ಕೆಳಗಿನ ಮೂಲೆಯಲ್ಲಿ ಬೆರಳಿನ ಗುರುತುಗಳಿರುತ್ತವೆ. ಜನ ಮೊದಲು ಓದುತ್ತಾರೆ, ಆಮೇಲೆ ಮುಟ್ಟುತ್ತಾರೆ, ಆಮೇಲೆ ಒಳಗೆ ಹೋಗುತ್ತಾರೆ. ಬರೆದದ್ದು ನಿಜವಾಗಿದ್ದರೆ ಬಣ್ಣ ಒಣಗುತ್ತದೆ, ಸುಳ್ಳಾಗಿದ್ದರೆ ಒಣಗುವುದಿಲ್ಲ. ಬಸ್ ನಿಲ್ದಾಣದ ಎದುರಿನ ಡೈರಿಯ ‘ಅಪ್ಪಟ ಎಮ್ಮೆ ಹಾಲು’ ಹನ್ನೊಂದು ವರ್ಷದಿಂದ ಹಸಿಯಾಗಿಯೇ ಇದೆ. ನೊಣಗಳು ಅಂಟಿ ಅಂಟಿ ಈಗ ಅಕ್ಷರ ಯಾವುದು ನೊಣ ಯಾವುದು ಎಂದು ತಿಳಿಯುವುದಿಲ್ಲ. ಹಾಗೆಂದು ಜನ ಅಲ್ಲಿ ಹಾಲು ಕೊಳ್ಳುವುದನ್ನು ಬಿಟ್ಟಿಲ್ಲ. ಇವತ್ತು ನೀರೆಷ್ಟು ಎಂದು ಕೇಳಿ, ಅದಕ್ಕೆ ತಕ್ಕ ಬೆಲೆ ಕೊಟ್ಟು ಕೊಳ್ಳುತ್ತಾರೆ. ಪೇಟೆ ಬೀದಿಯ ಹೋಟೆಲಿನ ‘ಬಿಸಿ ಬಿಸಿ ಇಡ್ಲಿ’ ಬೆಳಗ್ಗೆ ಒಣಗಿರುತ್ತದೆ, ಹನ್ನೊಂದು ಗಂಟೆಯ ಹೊತ್ತಿಗೆ ಜಿನುಗಲು ಶುರುವಾಗುತ್ತದೆ. ಚುನಾವಣೆ ಬಂದಾಗ ಗೋಡೆಗೆ ಒರಗಬೇಡಿ ಎಂದು ತಾಯಂದಿರು ಮಕ್ಕಳಿಗೆ ಹೇಳಿ ಕಳಿಸುತ್ತಾರೆ, ಅಗಸರು ಆ ತಿಂಗಳು ಸೀಮೆಎಣ್ಣೆಗೆಂದು ಬೇರೆ ದುಡ್ಡು ಕೇಳುತ್ತಾರೆ.

ಆ ಬೋರ್ಡುಗಳನ್ನು ಬರೆಯುವವನು ನಾನು. ಹೆಸರು ಮರಿಸ್ವಾಮಿ. ಮಾತು ಕಡಿಮೆ. ಬರೆಯುವ ಮಾತು ಗಿರಾಕಿಯದು. ಒಣಗಿದರೂ ಒಣಗದಿದ್ದರೂ ನನ್ನ ಕೂಲಿ ನನಗೆ ಬರುತ್ತದೆ. ನಾನು ಐದು ವರ್ಷದವನಿದ್ದಾಗಿನಿಂದ ನಮ್ಮಪ್ಪ ಕೆರೆಯ ಮಗ್ಗುಲಿನ ಮಂಟಪಕ್ಕೆ ಕಾವ್ಯವಾಚನ ಕೇಳಲು ಕರೆದುಕೊಂಡು ಹೋಗುತ್ತಿದ್ದ. ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ನಾವು ಕೇಳುತ್ತೇವೆ. ಐವತ್ತು ವರ್ಷದಿಂದ ಮೂರನೇ ಕಂಬದ ಪಕ್ಕ ಅದೇ ಜಾಗದಲ್ಲಿ ಕೂತು ಕೇಳುತ್ತಿದ್ದೇನೆ. ಷಟ್ಪದಿಯ ನಡೆ ಕೈಗೇ ಇಳಿದುಬಿಟ್ಟಿದೆ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು, ನಾಲ್ಕು ಎಂದು ಬ್ರಷ್ಷು ತಾನೇ ನಡೆಯುತ್ತದೆ. ಬೆಳಗ್ಗೆ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಹೆಸರು ಹೇಳದೆ ಒಂದು ದಿನವೂ ಬಣ್ಣದ ಡಬ್ಬಿಯ ಮುಚ್ಚಳ ತೆಗೆದವನಲ್ಲ. ಇಂಥವನ ಕೈಯಿಂದ ಇಂಥ ಕೆಲಸ ಮಾಡಿಸಿಕೊಂಡರಲ್ಲ ಎನ್ನುವುದೇ ನನ್ನ ಸಿಟ್ಟು.

ಹನ್ನೆರಡು ವರ್ಷದ ಹಿಂದೆ ನಮ್ಮೂರಿಗೆ ಒಂದು ಕಾಲೇಜು ಬಂತು. ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕ, ಎರಡು ವರ್ಷದ ಎಂ.ಎ. ಬೇರೆಲ್ಲ ಊರು ಬಿಟ್ಟು ಇಲ್ಲಿಗೇ ಯಾಕೆ ಬಂತೆಂದರೆ, ದೊಡ್ಡ ಕಂಪನಿಗಳು ಮೊದಲಿನಿಂದಲೂ ತಮ್ಮ ಜಾಹೀರಾತಿನ ಮಾತುಗಳನ್ನು ನಮ್ಮೂರಿಗೆ ಕಳಿಸಿ ಗೋಡೆಯ ಮೇಲೆ ಬರೆಸಿ ನೋಡುತ್ತಿದ್ದವು. ಇಲ್ಲಿ ಒಣಗಿದ ಮಾತನ್ನು ಯಾವ ಕೋರ್ಟಿನ ಮುಂದೆ ಬೇಕಾದರೂ ಹೇಳಬಹುದು. ಅಂಥ ಮಾತು ಕಟ್ಟುವುದನ್ನು ಕಲಿಸುವ ಕಾಲೇಜು ಅದು. ಡೈರೆಕ್ಟರು ಜಯದೇವ ಎನ್ನುವವರು. ಬಿಳಿ ಅಂಗಿ, ಸಣ್ಣ ದನಿ, ಕಸ ಗುಡಿಸುವವರನ್ನೂ ‘ತಾವು’ ಎನ್ನುತ್ತಾರೆ. ಪ್ರತಿ ಜೂನ್ ತಿಂಗಳು ಪ್ರವೇಶ ಶುರುವಾಗುವ ಮೊದಲು ಗೇಟಿನ ಬೋರ್ಡನ್ನು ನನ್ನಿಂದ ಹೊಸದಾಗಿ ಬರೆಸುತ್ತಿದ್ದರು. ಮೊದಲ ತಂಡ ಓದು ಮುಗಿಸಿ ಹೋದ ಮೇಲೆ, ಒಂಬತ್ತು ವರ್ಷದಿಂದ, ಪ್ರತಿ ಸಲ ಒಂದೇ ವಾಕ್ಯ, ಅಂಕಿ ಮಾತ್ರ ಬೇರೆ. ‘ಸಂಬಳ ತಿಳಿಸಿದ ನಮ್ಮ ಪದವೀಧರರ ಸರಾಸರಿ ಗಳಿಕೆ ತಿಂಗಳಿಗೆ ಐವತ್ತೇಳು ಸಾವಿರ ರೂಪಾಯಿ.’ ಇದು ಮೂರು ವರ್ಷದ ಹಿಂದಿನದು. ನನಗೆ ಚೆನ್ನಾಗಿ ನೆನಪಿದೆ. ಮೊದಲೆರಡು ಪದ ಬರೆಯುವಾಗ ಕೈ ಒಂದು ಗಳಿಗೆ ತಡೆಯಿತು. ಹಲಗೆಯಲ್ಲಿ ಗಂಟಿರಬೇಕೆಂದುಕೊಂಡು ಮುಂದೆ ಹೋದೆ. ಬ್ರಷ್ಷು ತೊಳೆದು ಬರುವಷ್ಟರಲ್ಲಿ ಇಡೀ ಸಾಲು ಒಣಗಿ ಗರಿಗರಿಯಾಗಿತ್ತು.

ಮಕ್ಕಳನ್ನು ಸೇರಿಸಲು ಬಂದ ಅಪ್ಪ ಅಮ್ಮಂದಿರು ಏನು ಕೇಳಿದರೂ ಜಯದೇವ ಅವರು ಕೊಡುತ್ತಿದ್ದ ಉತ್ತರ ಒಂದೇ. “ನಮ್ಮ ಮಾತು ಯಾಕೆ ನಂಬ್ತೀರಿ? ಮುಟ್ಟಿ ನೋಡಿ. ತಾವೇ ಮುಟ್ಟಿ ನೋಡಿ.”

ನನ್ನ ತಂಗಿ ತಾಯಮ್ಮ ಊಟದ ಮೆಸ್ ನಡೆಸುತ್ತಾಳೆ. ಗಂಡ ಇಲ್ಲ. ಅವಳ ಮೆಸ್ಸಿಗೆ ಬೋರ್ಡಿಲ್ಲ; ಒಮ್ಮೆ ‘ರುಚಿಯಾದ ಊಟ’ ಎಂದು ಬರೆದುಕೊಟ್ಟೆ, ವಾರದಲ್ಲಿ ಐದು ದಿನ ಒಣಗಿರುತ್ತಿತ್ತು, ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದ ದಿನ ಜಿನುಗುತ್ತಿತ್ತು, ಅವಳೇ ಕಿತ್ತು ಒಲೆಗೆ ಹಾಕಿದಳು. ಅವಳ ಮಗಳು ಸಿಂಚನ ಬಿ.ಎ. ಮುಗಿಸಿದ ವರ್ಷ ಆ ಕಾಲೇಜಿಗೆ ಸೇರಬೇಕೆಂದಳು. ಫೀಸು ಹೊಂದಿಸಲು ತಾಯಮ್ಮ ಮೆಸ್ಸಿನ ಮುಂದಿನ ಹಜಾರವನ್ನು ಐದು ವರ್ಷಕ್ಕೆ ಮೊಬೈಲ್ ಅಂಗಡಿಯವನಿಗೆ ಭೋಗ್ಯಕ್ಕೆ ಕೊಡಬೇಕಾಗಿತ್ತು. ಪತ್ರಕ್ಕೆ ಸಹಿ ಹಾಕುವ ಮೊದಲು ನನ್ನ ಹತ್ತಿರ ಬಂದಳು.

“ಅಣ್ಣ, ಬೋರ್ಡು ಬರ್ದೋನು ನೀನು. ಒಣಗೈತಾ?”

“ಒಣಗಿದೆ.”

ಇಷ್ಟೇ ನಡೆದ ಮಾತು. ಅವಳು ಹೋಗಿ ಸಹಿ ಹಾಕಿದಳು. ಅವತ್ತಿನಿಂದ ಹಿತ್ತಿಲಿನ ತಗಡಿನ ಮಾಡಿನ ಕೆಳಗೆ ಬೇಯಿಸಿ ಅಲ್ಲೇ ಬಡಿಸುತ್ತಿದ್ದಾಳೆ. ಊಟಕ್ಕೆ ಬರುವವರು ಮೊಬೈಲ್ ಅಂಗಡಿಯ ಪಕ್ಕದ ಓಣಿಯಲ್ಲಿ ಅಡ್ಡಡ್ಡ ನಡೆದು ಹೋಗಬೇಕು. ದಪ್ಪ ಇರುವ ನಾಲ್ಕು ಗಿರಾಕಿಗಳು ತಪ್ಪಿಹೋದರು.

ಸಿಂಚನ ಓದುವಾಗ ರಾತ್ರಿ ಊಟಕ್ಕೆ ಕೂತು ಕಲಿತದ್ದನ್ನು ಹೇಳುತ್ತಿದ್ದಳು. ಈ ಸೋಪು ಹಚ್ಚಿದರೆ ಬೆಳ್ಳಗಾಗುತ್ತೀರಿ ಎಂದು ಬರೆದರೆ ಒಣಗುವುದಿಲ್ಲವಂತೆ. ಈ ಸೋಪು ಹಚ್ಚುವ ಸಾವಿರ ಹೆಂಗಸರು ಬೆಳ್ಳಗಿದ್ದಾರೆ ಎಂದು ಬರೆದರೆ ಒಣಗುತ್ತದಂತೆ.

“ಬೆಳ್ಳಗಿರೋರೇ ಹೋಗಿ ತಗೊಂಡಿದ್ರೆ?” ಎಂದಳು ತಾಯಮ್ಮ.

“ಅದಕ್ಕೇ ಅಮ್ಮ ಎರಡು ವರ್ಷ ಓದ್ಬೇಕಾಗಿರೋದು” ಎಂದು ಸಿಂಚನ ನಕ್ಕಳು. ನಾವೂ ನಕ್ಕೆವು. ನಗುವ ಮಾತಾಗಿರಲಿಲ್ಲ.

ಓದು ಮುಗಿಯಿತು. ಒಂದು ಉಪ್ಪಿನಕಾಯಿ ಕಂಪನಿಯಲ್ಲಿ ಒಂಬತ್ತು ಸಾವಿರಕ್ಕೆ ಸೇರಿದಳು. ನಾಲ್ಕು ತಿಂಗಳಾದ ಮೇಲೆ ಅವರು ಥ್ಯಾಂಕ್ಸ್ ಹೇಳಿ ಕಳಿಸಿಕೊಟ್ಟರು. ಕೊನೆಗೆ ಓದಿದ ಕಾಲೇಜಿನಲ್ಲೇ ಹನ್ನೊಂದು ಸಾವಿರಕ್ಕೆ ಪತ್ರ ಬರೆಯುವ ಕೆಲಸ ಸಿಕ್ಕಿತು. ಊರಿನವರಿಗೆ ಅನುಮಾನವೇ ಬರಲಿಲ್ಲ. ಬೋರ್ಡು ಒಣಗಿದೆ, ಅಂದಮೇಲೆ ಕೊರತೆ ಹುಡುಗಿಯದೇ. ನಾವು ಹುಟ್ಟಿದಾಗಿನಿಂದ ಒಣಗಿದ್ದನ್ನು ನಂಬಿ ಬೆಳೆದವರು. ಬೇರೆ ಊರಿನವರಾಗಿದ್ದರೆ ಬೋರ್ಡನ್ನು ಬಯ್ಯುತ್ತಿದ್ದರೇನೋ, ನಾವು ಮಕ್ಕಳನ್ನು ಬಯ್ದೆವು. ನಾನೂ ಬಯ್ದೆ. ಒಂದು ದಿನ ಅವಳು ಕಾಫಿ ತಂದುಕೊಟ್ಟಾಗ ಹೇಳಿದೆ, “ಎಲ್ಲರಿಗೂ ಬರೋದು ನಿನಗೊಬ್ಬಳಿಗೆ ಯಾಕೆ ಬರಲಿಲ್ಲ ಕಣಮ್ಮ? ಇನ್ನೊಂಚೂರು ಮನಸ್ಸಿಟ್ಟು ಓದಬೇಕಿತ್ತು.” ಅವಳು ಲೋಟ ಕೆಳಗಿಟ್ಟು ಹೋದಳು. ಅವತ್ತಿನಿಂದ ನನ್ನ ಎದುರು ಕೂತು ಊಟ ಮಾಡುವುದನ್ನು ಬಿಟ್ಟಳು.

ಈ ವರ್ಷ ಜೂನ್ ಮೊದಲ ವಾರ ಜಯದೇವ ಅವರಿಂದ ಕರೆ ಬಂತು. ಬಣ್ಣ ಕೊಳ್ಳಲು ಬಷೀರನ ಅಂಗಡಿಗೆ ಹೋದೆ. ನಾನೂ ಬಷೀರನೂ ಒಂದೇ ಶಾಲೆಯವರು. ಅವನ ಬಣ್ಣದ ಅಂಗಡಿ ಕಾಲೇಜಿನ ಗೇಟಿಗೆ ಎದುರಿಗೇ ಇದೆ. ಅವನಲ್ಲಿ ಬಣ್ಣ ಬೆರೆಸುವ ಒಂದು ಯಂತ್ರವಿದೆ. ನೀವು ತೋರಿಸಿದ ಬಣ್ಣವನ್ನು ಹಾಗೆಯೇ ಬೆರೆಸಿ ಅಲ್ಲಾಡಿಸಿ ಕೊಡುತ್ತದೆ. ಸುತ್ತಿನ ನಾಲ್ಕೂರಿಗೆ ಅದೊಂದೇ. ಅದಿಲ್ಲದಿದ್ದರೆ ಅವನದು ಡಬ್ಬಿ ಮಾರುವ ಅಂಗಡಿ, ಅಷ್ಟೇ.

“ಯಂತ್ರ ಕೊಡ್ತಾ ಇದೀನಪ್ಪ” ಎಂದ ಬಷೀರ. “ಶನಿವಾರ ಹನ್ನೊಂದು ಗಂಟೆಗೆ ಟೆಂಪೋ ಬರುತ್ತೆ.”

“ಯಾಕೆ?”

“ರುಬೀನಾ ಕಾಲೇಜಿಗೆ ಸೇರ್ಬೇಕಂತೆ. ಮುಂದ್ಗಡೆ ಕಾಲೇಜೇ ಇದೆ, ದಿನಾ ಆ ಬೋರ್ಡು ನೋಡ್ಕೊಂಡೇ ಬೆಳೆದ್ಲು. ಎರಡು ವರ್ಷ ಓದಿದ್ರೆ ಮೂರನೇ ವರ್ಷ ಇಂಥ ಎರಡು ಯಂತ್ರ ಅವಳೇ ಕೊಡಿಸ್ತಾಳಂತೆ.” ಅವನ ಮಗಳು ರುಬೀನಾ ಒಳಗೆ ಡಬ್ಬಿ ಜೋಡಿಸುತ್ತಿದ್ದಳು, ತಲೆಯೆತ್ತಿ ನಕ್ಕಳು. ಬಷೀರ ಚಿಲ್ಲರೆ ಕೊಡುತ್ತಾ ಹೇಳಿದ, “ಈ ವರ್ಷದ್ದು ಇವತ್ತು ಬರೀತೀಯಲ್ಲ? ಒಣಗಿದ ತಕ್ಷಣ ಬಂದು ಒಂದು ಮಾತು ಹೇಳ್ಬಿಡು. ನೀನು ಹೇಳಿದ್ರೆ ಸಾಕು, ನಾನು ಮುಟ್ಟೋಕೂ ಹೋಗಲ್ಲ.”

ಕಾಲೇಜಿನಲ್ಲಿ ವಾಕ್ಯ ಬರೆದ ಚೀಟಿಯನ್ನು ಕೊಟ್ಟವಳು ಸಿಂಚನ. ಅದನ್ನು ಸಿದ್ಧ ಮಾಡುವುದು ಈಗ ಅವಳ ಕೆಲಸ. ಸರಾಸರಿ ಗಳಿಕೆ ಅರವತ್ತೆರಡು ಸಾವಿರ ಎಂದಿತ್ತು. ಪ್ರತಿ ಜೂನಿನಲ್ಲಿ ಹಿಂದಿನ ವರ್ಷ ಓದು ಮುಗಿಸಿದವರ ಲೆಕ್ಕ ಬರೆಯುತ್ತಾರೆ. ಅಂದರೆ ಇದು ಅವಳದೇ ತರಗತಿಯವರ ಲೆಕ್ಕ. ನಾನು ಚೀಟಿ ಹಿಡಿದು ನಿಂತೆ. ನನ್ನ ಎದುರಿಗಿದ್ದ ಹುಡುಗಿಗೆ ಹನ್ನೊಂದು ಸಾವಿರ, ಚೀಟಿಯಲ್ಲಿ ಅರವತ್ತೆರಡು. ಬಷೀರ ಹೇಳಿದ ಮಾತು ಕಿವಿಯಲ್ಲೇ ಇತ್ತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದೆ.

“ಎಷ್ಟು ಜನಕ್ಕೆ ಪತ್ರ ಬರೆದೆ?”

“ನಲವತ್ತು.”

“ಎಷ್ಟು ಉತ್ತರ ಬಂತು?”

“ಏಳು.” ಅವಳು ಕಿಟಕಿಯ ಕಡೆ ನೋಡುತ್ತಾ ಮಂತ್ರ ಒಪ್ಪಿಸುವ ಹಾಗೆ ಹೇಳಿದಳು. “ಅದರಲ್ಲಿ ಒಬ್ಬ ಎಣ್ಣೆಮಿಲ್ಲಿನ ಯಜಮಾನರ ಮಗ ನಿತಿನ್. ಅಪ್ಪನ ಮಿಲ್ಲಲ್ಲೇ ಪ್ರಚಾರ ನಿರ್ದೇಶಕ. ತಿಂಗಳಿಗೆ ಮೂರು ಲಕ್ಷ. ಮಿಕ್ಕ ಆರು ಜನದ್ದು ಕೂಡಿಸಿದ್ರೆ ಒಂದು ಲಕ್ಷ ಮೂವತ್ತನಾಲ್ಕು ಸಾವಿರ. ಒಟ್ಟು ಮಾಡಿ ಏಳರಿಂದ ಭಾಗಿಸಿ ಮಾವ.”

ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಭಾಗಿಸಿದೆ. ಸರಿಯಾಗಿ ಅರವತ್ತೆರಡು. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆಯಿಲ್ಲ.

“ಮಿಕ್ಕ ಮೂವತ್ತಮೂರು ಜನ?”

“ತಿಳಿಸಿಲ್ಲ.”

“ನಿನಗೂ ಪತ್ರ ಬಂತಾ?”

“ನಾನೇ ಬರ್ದು, ನಾನೇ ಕವರಿಗೆ ಹಾಕಿ, ನಾನೇ ಇಸ್ಕೊಂಡೆ.”

“ಉತ್ತರ ಕೊಟ್ಟೆಯಾ?”

“ಇಲ್ಲ. ಎಲ್ಲರಿಗೂ ಬರೋದು ನನಗೊಬ್ಬಳಿಗೆ ಬರಲಿಲ್ಲ ಅಂತ ಬರೆದು ಕಳಿಸೋಕೆ ನಾಚಿಕೆ ಆಯ್ತು ಮಾವ.” ನನ್ನದೇ ಮಾತನ್ನು ಅವಳು ಒಂದಕ್ಷರ ಬಿಡದೆ ಹಿಂದಕ್ಕೆ ಕೊಟ್ಟಳು. “ಆಮೇಲೆ ಏಳೇ ಉತ್ತರ ಬಂದ್ವಲ್ಲ, ಅವತ್ತು ಗೊತ್ತಾಯ್ತು, ನಾಚಿಕೆ ಆಗಿದ್ದು ನನಗೊಬ್ಬಳಿಗೇ ಅಲ್ಲ ಅಂತ.”

ಆಗ ನನಗೆ ಇಡೀ ಕೀಲು ಕಾಣಿಸಿತು. ಬೋರ್ಡು ಒಣಗಿದೆ, ಆದ್ದರಿಂದ ಕಡಿಮೆ ಸಿಕ್ಕಿದವರು ನಾಚಿ ಸುಮ್ಮನಿರುತ್ತಾರೆ. ಅವರು ಸುಮ್ಮನಿರುತ್ತಾರೆ, ಆದ್ದರಿಂದ ಮುಂದಿನ ವರ್ಷವೂ ಬೋರ್ಡು ಒಣಗುತ್ತದೆ. ಮಕ್ಕಳ ನಾಚಿಕೆಯಲ್ಲೇ ಬಣ್ಣ ಕಲಸಿ ನನ್ನ ಕೈಗೆ ಕೊಟ್ಟಿದ್ದರು.

ಜಯದೇವ ಅವರ ಕೋಣೆಗೆ ಹೋದೆ. ಕುರ್ಚಿ ತೋರಿಸಿದರು, ನಾನು ಕೂರಲಿಲ್ಲ.

“ಸ್ವಾಮಿ, ತಿಳಿಸದವರು ಮೂವತ್ತಮೂರು ಜನ ಇದ್ದಾರಂತೆ.”

“ಇರಬಹುದು. ಅವರ ಬಗ್ಗೆ ನಾವೇನಾದರೂ ಹೇಳಿದ್ದೇವಾ?”

“ಇಲ್ಲ.”

“ಬರೆದರೆ ಒಣಗುತ್ತೋ ಇಲ್ಲವೋ?”

“ಒಣಗುತ್ತೆ.”

“ಮತ್ತೆ ತಮಗೇನು ಕಷ್ಟ ಮರಿಸ್ವಾಮಿಯವರೇ? ಈ ಊರಿನಲ್ಲಿ ಸತ್ಯ ಅಂದರೆ ಏನು ಅಂತ ತಮಗೆ ನಾನು ಹೇಳಿಕೊಡಬೇಕಾ?” ಅವರ ದನಿ ಹಾಲಿನಲ್ಲಿ ಅದ್ದಿದ ಹಾಗಿತ್ತು. “ತಮ್ಮ ಸೋದರಸೊಸೆಗೆ ಹೊರಗೆ ಎಲ್ಲೂ ಕೆಲಸ ಸಿಗದಿದ್ದಾಗ ನಾವೇ ಕರೆದು ಕೊಟ್ಟಿದ್ದೇವೆ. ಅದನ್ನೂ ಸ್ವಲ್ಪ ನೆನಪಿಡಿ.”

ಮೋಡ ಇದೆ, ಎರಡು ದಿನ ಬಿಟ್ಟು ಬರೆಯುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಹೊರಗೆ ಸುಡುಬಿಸಿಲು. ಬಾಯಲ್ಲಿ ಆಡಿದ ಸುಳ್ಳಿಗೆ ನಮ್ಮೂರಿನಲ್ಲಿ ಏನೂ ಆಗುವುದಿಲ್ಲ. ಬಷೀರನ ಅಂಗಡಿಯ ಮುಂದೆ ಹಾದುಹೋಗದೆ ಹಿಂದಿನ ಬೀದಿ ಹಿಡಿದು ಮನೆಗೆ ಹೋದೆ.

ಸಂಜೆ ಮಂಟಪಕ್ಕೆ ಹೋಗಿ ಕಂಬದ ಪಕ್ಕ ಕೂತೆ. ನಮ್ಮ ಮಂಟಪದಲ್ಲಿ ಒಂದು ಪದ್ಧತಿ ಇದೆ. ಹಾಡು ಶುರುವಾಗುವ ಮೊದಲು ಹಿರಿಯ ವಾಚಕರಾದ ಮುಕುಂದಯ್ಯನವರು ಮನೆಮನೆಯ ಹೆಸರು ಕರೆಯುತ್ತಾರೆ. ಬಂದವರು ‘ಇದ್ದೇವೆ’ ಎನ್ನಬೇಕು. ಬಾರದವರ ಹೆಸರನ್ನೂ ಕರೆಯುತ್ತಾರೆ. ಪಕ್ಕದ ಮನೆಯವರು ‘ಬಂದಿಲ್ಲ’ ಎಂದು ಗಟ್ಟಿಯಾಗಿ ಹೇಳಿ, ಜ್ವರವೋ ಜಗಳವೋ ಪ್ರಯಾಣವೋ ಅದನ್ನೂ ಹೇಳುವವರೆಗೆ ಪುಸ್ತಕದ ಕಟ್ಟು ಬಿಚ್ಚುವುದಿಲ್ಲ. ಯಾರಿಲ್ಲ ಎಂದು ತಿಳಿಯದೆ ಶುರುಮಾಡಿದರೆ ಕಥೆ ಅರ್ಧ ಊರಿಗೆ ಹೇಳಿದಂತೆ ಎನ್ನುತ್ತಾರೆ. ಅವತ್ತು ಇಪ್ಪತ್ತಮೂರು ಮನೆ ಕರೆದರು. ಇದ್ದವರು ಒಂಬತ್ತು. ‘ಬಂದಿಲ್ಲ’, ‘ಬಂದಿಲ್ಲ’ ಎಂದು ಹದಿನಾಲ್ಕು ಸಲ ಕೇಳಿಸಿತು. ಐವತ್ತು ವರ್ಷ ಆ ಮಾತು ಕೇಳಿದ್ದೇನೆ. ಬಾರದವರ ಹೆಸರು ಕರೆಯದೆ ಒಂದು ಪದ್ಯವನ್ನೂ ಕೇಳಿದವನಲ್ಲ. ಅಂಥವನು ಒಂಬತ್ತು ವರ್ಷ ಆ ಬೋರ್ಡಿನ ಬಾರದವರನ್ನು ಕರೆಯಲೇ ಇಲ್ಲ. ಅರ್ಥ ಹೇಳುವವರು ಏನು ಹೇಳಿದರೋ ಅವತ್ತು ನನಗೆ ಒಂದೂ ಕೇಳಿಸಲಿಲ್ಲ.

ಹೆಸರುಗಳು ನನ್ನ ಹತ್ತಿರವೇ ಇದ್ದವು. ಪಾಸಾದವರ ಪಟ್ಟಿಯನ್ನು ಕಾಲೇಜಿನ ಗೋಡೆಗೆ ಬರೆಯುವವನೂ ನಾನೇ. ಅಳತೆಯ ಪುಸ್ತಕದಲ್ಲಿ ನಲವತ್ತೂ ಇದ್ದವು. ಮೊದಲು ತಾಯಮ್ಮನ ಹಿತ್ತಿಲಿಗೆ ಹೋದೆ. ಸಿಂಚನ ತಟ್ಟೆ ತೊಳೆಯುತ್ತಿದ್ದಳು.

“ಬಷೀರನ ಗೋಡೆ ಮೇಲೆ ನಲವತ್ತು ಜನರದ್ದೂ ಬರೀತೀನಿ. ನಿನ್ನ ಹೆಸರು ಬರೀಲಾ?”

“ಕೆಲಸ ಹೋಗುತ್ತೆ” ಎಂದಳು. ಎರಡು ತಟ್ಟೆ ತೊಳೆದಿಟ್ಟಳು. “ಹೋದ್ರೆ ಹನ್ನೊಂದು ಸಾವಿರ ತಾನೇ ಹೋಗೋದು. ಅರವತ್ತೆರಡಲ್ವಲ್ಲ. ಮೊದಲ ಸಾಲಲ್ಲೇ ಬರೀರಿ.”

ಒಲೆಯ ಮುಂದಿದ್ದ ತಾಯಮ್ಮ ತಿರುಗಿ ನೋಡದೆ ಹೇಳಿದಳು, “ಹಂಗಾದ್ರೆ ಸೋಮವಾರದಿಂದ ಸಾರಿಗೆ ಉಪ್ಪು ಹಾಕೋ ಕೆಲಸ ನಿಂದೇ. ನನಗೆ ಒಂದೇ ಸಲ ಹಾಕಿದ್ದು ನೆನಪಿರಲ್ಲ.”

ಎರಡು ದಿನ ಮನೆಮನೆ ತಿರುಗಿದೆ. ಮಾತಾಡಲು ಬಾರದವನು ನಲವತ್ತು ಬಾಗಿಲು ಬಡಿದೆ. ಮದುವೆ ಕಾರ್ಡಿನ ಅಂಗಡಿಯಲ್ಲಿ ಕೂತಿದ್ದ ಪ್ರಜ್ವಲ್ ಎನ್ನುವ ಹುಡುಗ ಅಂಗಡಿಯಿಂದ ಹೊರಗೆ ಕರೆದುಕೊಂಡು ಬಂದು ಪಿಸುಮಾತಿನಲ್ಲಿ ಹೇಳಿದ, “ಹತ್ತು ಸಾವಿರ. ಯಾರಿಗೂ ಹೇಳ್ಬೇಡಿ. ನಮ್ಮ ತರಗತೀಲಿ ನಾನೊಬ್ಬನೇ ಹೀಗೆ ಆಗಿದ್ದು.” ನಾನೆಂದೆ, “ನಿನಗಿಂತ ಮುಂಚೆ ಹನ್ನೆರಡು ಜನ ಇದೇ ಮಾತು ಹೇಳಿದರಪ್ಪ. ನಾನೊಬ್ಬನೇ ಅಂತ.” ಅವನು ನನ್ನ ಪುಸ್ತಕ ಇಸಿದುಕೊಂಡು ಮೇಲಿನಿಂದ ಕೆಳಗೆ ಓದಿದ. ಎರಡು ಸಲ ಓದಿದ. ಆಮೇಲೆ ನನ್ನ ಪೆನ್ಸಿಲು ತೆಗೆದುಕೊಂಡು ತಾನೇ ಬರೆದ. ಒಬ್ಬ ತಾಯಿ, “ನಮ್ಮ ಹುಡ್ಗಂದು ಎಂಟು. ಆದ್ರೆ ಬೀಗರಾಗೋರಿಗೆ ನಲವತ್ತು ಅಂದಿದೀವಿ, ದಮ್ಮಯ್ಯ ಹೆಸರು ಬೇಡ” ಎಂದು ಕಾಫಿ ಕೊಟ್ಟು ಕಳಿಸಿದಳು. ಎಣ್ಣೆಮಿಲ್ಲಿನ ನಿತಿನ್ ಬೇಸರ ಮಾಡಿಕೊಳ್ಳಲಿಲ್ಲ. “ಬರ್ಕೊಳ್ಳಿ ಅಂಕಲ್. ಕೊಡೋದು ನಮ್ಮಪ್ಪ, ಅದನ್ನೂ ಬರ್ಕೊಳ್ಳಿ” ಎಂದ. ಹೆಸರು ಬೇಡ ಎಂದವರು ಒಟ್ಟು ಐದು ಜನ. ಉಳಿದವರೆಲ್ಲ ಪುಸ್ತಕ ಓದಿದ ಮೇಲೆ ಒಪ್ಪಿದರು. ಎಷ್ಟೋ ಮಕ್ಕಳ ಮುಖ ಓದುತ್ತಾ ಓದುತ್ತಾ ಹಗುರಾಯಿತು, ಅದನ್ನು ನೋಡಿ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತವರು, ಒಂದೇ ಊರಿನ ಬೀದಿಯಲ್ಲಿ ಒಬ್ಬರನ್ನೊಬ್ಬರು ಕಂಡರೆ ರಸ್ತೆ ದಾಟಿ ಹೋಗುತ್ತಿದ್ದರಂತೆ.

ಶನಿವಾರ ಬೆಳಗ್ಗೆ ಆರು ಗಂಟೆಗೆ ಬಷೀರನ ಬಾಗಿಲು ತಟ್ಟಿದೆ.

“ಎಲ್ಲಿ ಹೋಗಿದ್ದೆ ಮಾರಾಯ? ಒಣಗ್ತೋ ಇಲ್ವೋ ಹೇಳಲೇ ಇಲ್ಲ” ಎಂದ.

“ನಿನ್ನ ಮುಂದಿನ ಗೋಡೆ ಬೇಕು.”

“ಏನ್ ಬರೀತೀಯಾ?”

“ನೀನು ಕೇಳಿದ್ದಕ್ಕೆ ಉತ್ತರ.”

ಅವನು ಶಟರ್ ಅರ್ಧ ಎತ್ತಿ, ಏಣಿ ಹೊರಗಿಟ್ಟ.

ಸಿಂಚನ ಪುಸ್ತಕ ಹಿಡಿದು ಗೋಡೆಯ ಪಕ್ಕ ನಿಂತು ಒಂದೊಂದೇ ಹೆಸರು ಕರೆದಳು. ನಾನು ಬರೆಯುತ್ತಾ ಹೋದೆ. ಸಿಂಚನ, ಹನ್ನೊಂದು ಸಾವಿರ. ಪ್ರಜ್ವಲ್, ಹತ್ತು. ಮಂಟಪದ ಪದ್ಧತಿ ಅವಳಿಗೆ ನಾನು ಹೇಳಿರಲಿಲ್ಲ, ಆದರೂ ಎಂಟು ಗಂಟೆಯ ಹೊತ್ತಿಗೆ ಗುಂಪಿನಿಂದ ‘ಇದ್ದೀನಿ’ ಎನ್ನುವ ದನಿಗಳು ಬರಲು ಶುರುವಾದವು. ಊರಿನಲ್ಲಿ ಇಲ್ಲದವರ ಹೆಸರು ಬಂದಾಗ ಅವರ ಅಪ್ಪನೋ ಪಕ್ಕದ ಮನೆಯವರೋ ‘ಬಂದಿಲ್ಲ, ಬರ್ಕೊಳ್ಳಿ’ ಎಂದರು. ಬ್ರಷ್ಷು ಮೂರು, ನಾಲ್ಕು, ಮೂರು, ನಾಲ್ಕು ಎಂದು ನಡೆಯಿತು. ಒಂದು ಸಾಲು ಮುಗಿಸಿ ಮುಂದಿನದಕ್ಕೆ ಇಳಿಯುವಷ್ಟರಲ್ಲಿ ಮೇಲಿನದು ಒಣಗಿರುತ್ತಿತ್ತು. ನಿತಿನ್, ಮೂರು ಲಕ್ಷ, ಅಪ್ಪನ ಮಿಲ್ಲು, ಅದೂ ಒಣಗಿತು. ಹೆಸರು ಬೇಡವೆಂದವರು ಐದು ಜನ ಎಂದು ಕೊನೆಗೆ ಬರೆದೆ.

ಗೇಟಿನ ಆಚೆ ಜಯದೇವ ಅವರು ಬಂದು ನಿಂತರು. ಅವರು ದನಿ ಎತ್ತಲಿಲ್ಲ. “ಮರಿಸ್ವಾಮಿಯವರೇ, ನಮ್ಮ ಬೋರ್ಡು?”

“ಬೇರೆಯವರ ಕೈಲಿ ಬರೆಸಿ ಸ್ವಾಮಿ.”

ಬರೆಸಿದರು, ಮರುದಿನವೇ, ಪಕ್ಕದ ಊರಿನಿಂದ ಆಳು ಕರೆಸಿ. ಅರವತ್ತೆರಡು ಸಾವಿರ. ಅದೂ ಒಣಗಿತು. ಈಗಲೂ ಅಲ್ಲೇ ಇದೆ. ಹೋಗಿ ಮುಟ್ಟಿ ನೋಡಬಹುದು.

ಆ ಶನಿವಾರ ರುಬೀನಾ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಒಂದು ರಟ್ಟಿನ ಮೇಲೆ ಎಲ್ಲರ ಸಂಬಳವನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದುಕೊಂಡಳು. ಆಮೇಲೆ ಎರಡೂ ತುದಿಯಿಂದ ಒಂದೊಂದೇ ಅಂಕಿ ಹೊಡೆದುಹಾಕುತ್ತಾ ನಡುವಿಗೆ ಬಂದಳು. “ಅಬ್ಬಾ, ನಡುವೆ ನಿಂತೋರಿಗೆ ಹನ್ನೆರಡು ಸಾವಿರ” ಎಂದಳು. “ನಾನು ಹೋಗಿ ನಿಂತ್ರೂ ಅಲ್ಲೆಲ್ಲೋ ನಿಲ್ತೀನಿ.” ಬಷೀರ ರಟ್ಟನ್ನು ನೋಡಿದ, ಗೋಡೆಯನ್ನು ನೋಡಿದ, ಅಂಗಡಿಯೊಳಗಿನ ಯಂತ್ರವನ್ನು ನೋಡಿದ. ಹನ್ನೊಂದಕ್ಕೆ ಟೆಂಪೋ ಬಂದಾಗ ಅವನು ಡ್ರೈವರಿಗೆ ಹೇಳಿದ್ದು ಇಷ್ಟೇ: “ಯಂತ್ರ ಕೊಡಲ್ಲ ಕಣಪ್ಪ. ಟೀ ಕುಡ್ಕೊಂಡು ಹೋಗು.”

ಅಷ್ಟು ಹೊತ್ತಿಗೆ ನಾನು ಎಲ್ಲಕ್ಕಿಂತ ಕೆಳಗೆ ನನ್ನದೊಂದು ಸಾಲನ್ನು ಸೇರಿಸಿದ್ದೆ. ಸೇರಿಸಬೇಕು ಅನ್ನಿಸಿತ್ತು. ‘ಒಂಬತ್ತು ವರ್ಷ ಎದುರಿನ ಬೋರ್ಡು ಬರೆದವನು ನಾನು. ನನಗೆ ಗೊತ್ತಿರಲಿಲ್ಲ. ಮರಿಸ್ವಾಮಿ.’

ಬಷೀರ ನಮ್ಮೂರಿನವನಲ್ಲವೇ. ಮೊದಲ ಸಾಲಿನಿಂದ ಶುರುಮಾಡಿ ಒಂದೊಂದನ್ನೂ ಬೆರಳಿನಿಂದ ಮುಟ್ಟುತ್ತಾ ಬಂದ. ಸಿಂಚನ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಕೊನೆಯ ಸಾಲಿಗೆ ಬಂದವನು ಕೈ ಹಿಂದಕ್ಕೆ ತೆಗೆದ. ಬೆರಳ ತುದಿಯಲ್ಲಿ ಕಪ್ಪು ಬಣ್ಣ.

“ಮರಿಸ್ವಾಮಿ, ಇದೊಂದು ಹಸಿ ಇದೆಯಲ್ಲೋ.”

“ಆ ಮೂಲೆಗೆ ಇನ್ನೂ ಬಿಸಿಲು ಬಂದಿಲ್ಲ” ಎಂದೆ.

ಬಿಸಿಲು ಬಂತು. ಆ ಸಾಲಿನ ಮೇಲೇ ಬಂದು ನಿಂತಿತು. ‘ಬರೆದವನು ನಾನು’ ಒಣಗಿತ್ತು. ‘ನನಗೆ ಗೊತ್ತಿರಲಿಲ್ಲ’ ಎನ್ನುವುದು ಮಾತ್ರ ಹೊಳೆಯುತ್ತಲೇ ಇತ್ತು. ಒಂದು ಹನಿ ಇಳಿದು ನನ್ನ ಹೆಸರಿನ ಮೇಲೆ ಹೋಯಿತು. ಬಷೀರ ಬೆರಳನ್ನು ಲುಂಗಿಗೆ ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡಿದ್ದ.

ನಾನು ರಸ್ತೆಯ ಆಚೆ ಗೇಟಿನ ಬೋರ್ಡಿನ ಕಡೆ ನೋಡಿದೆ. ‘ಸಂಬಳ ತಿಳಿಸಿದ’ ಎನ್ನುವಲ್ಲಿ ಕೈ ತಡೆದಿತ್ತು. ಮೂರು ವರ್ಷದ ಹಿಂದೆ ಮಾತ್ರ ಅಲ್ಲ, ಪ್ರತಿ ಜೂನಿನಲ್ಲೂ, ಅದೇ ಜಾಗದಲ್ಲಿ. ತಿಳಿಸದವರು ಯಾರು ಎನ್ನುವ ಮಾತು ಪ್ರತಿ ಸಲವೂ ಬ್ರಷ್ಷಿನ ತುದಿಗೆ ಬಂದು ನಿಂತಿತ್ತು. ಸಂಜೆ ವಾಚನಕ್ಕೆ ಹೊತ್ತಾಗುತ್ತದೆ, ಕೂಲಿ ಬರಬೇಕು, ಕೇಳುವುದು ನನ್ನ ಕೆಲಸವಲ್ಲ. ಪ್ರತಿ ಸಲವೂ ಹಲಗೆಯ ಗಂಟು ಎಂದುಕೊಂಡು ದಾಟಿದ್ದೆ. ಆ ಬೋರ್ಡು ತಗಡಿನದು. ತಗಡಿನಲ್ಲಿ ಗಂಟಿರುವುದಿಲ್ಲ.

ಸೀಮೆಎಣ್ಣೆಯ ಬಟ್ಟೆ ತೆಗೆದುಕೊಂಡು ಬಷೀರನ ಗೋಡೆಯ ಮೇಲಿನ ‘ನನಗೆ ಗೊತ್ತಿರಲಿಲ್ಲ’ ಒರೆಸಿದೆ. ಮಂಡಿಯೂರಿ ಕೂತು, ಬ್ರಷ್ಷನ್ನು ಕಣ್ಣಿಗೊತ್ತಿಕೊಂಡು, ಅದೇ ಜಾಗದಲ್ಲಿ ಬರೆದೆ: ‘ಗೊತ್ತಿತ್ತು. ಕೇಳಲಿಲ್ಲ.’ ಎರಡನೆಯ ಪದ ಮುಗಿಯುವ ಮೊದಲೇ ಮೊದಲನೆಯದು ಒಣಗಿತ್ತು.

ಸಿಂಚನ ಬಗ್ಗಿ ಮುಟ್ಟಿ ನೋಡಿದಳು. ಬೆರಳನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿಕೊಂಡಳು. ಏನೂ ಅಂಟಿರಲಿಲ್ಲ. ಬ್ರಷ್ಷನ್ನು ನನ್ನ ಕೈಯಿಂದ ತೆಗೆದುಕೊಂಡು ಡಬ್ಬಿಯಲ್ಲಿ ತೊಳೆಯುತ್ತಾ, “ಊಟಕ್ಕೆ ಬನ್ನಿ ಮಾವ, ಹೊತ್ತಾಯ್ತು” ಎಂದಳು.